ಮದುವೆಯ ಮಾತು ಕೇಳುವ ಮುನ್ನ: ಗುಟ್ಟಿನ ತಯಾರಿ ಹೇಗಿರಬೇಕು?

ಜನವರಿ ಕೊನೆಯ ಒಂದು ರಾತ್ರಿ ನನ್ನ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅತ್ತಿಗೆ, ಒಂದು ವಿಷಯ ಇದೆ, ಸದ್ಯಕ್ಕೆ ಅಣ್ಣನಿಗೂ ಹೇಳಬೇಡಿ" ಎಂದ. ನಾಲ್ಕು ವರ್ಷದಿಂದ ಜೊತೆಗಿದ್ದ ಹುಡುಗಿಯನ್ನು ಮದುವೆಯಾಗುತ್ತೀಯಾ ಎಂದು ಕೇಳಬೇಕು, ಕೇಳುವ ಗಳಿಗೆಯವರೆಗೆ ಅವಳಿಗೆ ಸುಳಿವು ಸಿಗಬಾರದು ಎಂಬುದು ಅವನ ಆಸೆಯಾಗಿತ್ತು. ಆಮೇಲಿನ ಐದು ವಾರ ನಾವಿಬ್ಬರೂ ಮಾಡಿದ ತಯಾರಿಯಲ್ಲಿ ಸರಿಯಾದದ್ದೂ ಇತ್ತು, ತಪ್ಪಿದ್ದೂ ಇತ್ತು. ಅದಾದ ಮೇಲೆ ನಂಟರಲ್ಲೇ ಇನ್ನೂ ಕೆಲವರು ಇದೇ ಕೆಲಸಕ್ಕೆ ಸಲಹೆ ಕೇಳಿಕೊಂಡು ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮ ಕಡೆ ಸಾಮಾನ್ಯವಾಗಿ ಹುಡುಗನೇ ಕೇಳುವುದು ರೂಢಿಯಾದರೂ ಹುಡುಗಿಯೇ ಮುಂದಾಗಿ ಕೇಳಿದ ಎರಡು ಜೋಡಿಗಳನ್ನು ನಾನು ಬಲ್ಲೆ. ತಯಾರಿ ಇಬ್ಬರಿಗೂ ಒಂದೇ.

ಮೊದಲು ಉತ್ತರ ಗೊತ್ತಿರಲಿ

ಈ ಕೆಲಸದಲ್ಲಿ ಗುಟ್ಟಾಗಿ ಇಡಬಹುದಾದದ್ದು ಯಾವಾಗ, ಎಲ್ಲಿ, ಹೇಗೆ ಎಂಬ ಮೂರು ಸಂಗತಿಗಳನ್ನು ಮಾತ್ರ. ಮದುವೆಯಾಗುವ ವಿಚಾರವೇ ಎದುರಿನವರಿಗೆ ಹೊಸದಾಗಿದ್ದರೆ, ಅವರ ಮುಂದೆ ಮಂಡಿಯೂರಿ ಕೂತು ಉಂಗುರ ತೋರಿಸುವುದು ಉಡುಗೊರೆಯಾಗುವುದಿಲ್ಲ, ಒತ್ತಡವಾಗುತ್ತದೆ. ಆದ್ದರಿಂದ ಉಂಗುರದಂಗಡಿಯ ಮೆಟ್ಟಿಲು ಹತ್ತುವ ಮೊದಲು ನಿಮ್ಮಿಬ್ಬರ ನಡುವೆ ಕೆಲವು ಮಾತುಗಳು ನೇರವಾಗಿ ಆಗಿರಬೇಕು: ಮದುವೆ ಬೇಕೇ, ಬೇಕಾದರೆ ಸುಮಾರು ಯಾವಾಗ, ಆಮೇಲೆ ಯಾವ ಊರಿನಲ್ಲಿ ಇರುವುದು, ಇಬ್ಬರ ಕೆಲಸ ಏನಾಗುತ್ತದೆ, ತಂದೆತಾಯಿಯರು ಜೊತೆಗಿರುತ್ತಾರೆಯೇ, ಮಕ್ಕಳ ಬಗ್ಗೆ ಇಬ್ಬರ ಮನಸ್ಸಿನಲ್ಲಿ ಏನಿದೆ, ತಲೆಯ ಮೇಲೆ ಸಾಲ ಎಷ್ಟಿದೆ. ಜಾತಿ ಅಥವಾ ಧರ್ಮ ಬೇರೆಯಾಗಿದ್ದರೆ ಎರಡೂ ಮನೆಗಳಲ್ಲಿ ಏಳಬಹುದಾದ ಮಾತನ್ನು ಹೇಗೆ ಎದುರಿಸುವುದು ಎಂದೂ ಮಾತಾಡಿಕೊಂಡಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ವಿವಾಹ ಅಧಿಕಾರಿಗೆ ನೋಟಿಸ್ ಕೊಟ್ಟು 30 ದಿನ ಕಾಯಬೇಕಾಗುತ್ತದೆ ಎಂಬುದನ್ನೂ ಈಗಲೇ ತಿಳಿದಿರುವುದು ಒಳ್ಳೆಯದು.

ಈ ಮಾತುಗಳನ್ನು ಆಡಿದರೆ ಗುಟ್ಟು ಬಯಲಾಗುತ್ತದೆ ಎಂದು ಹೆದರಬೇಕಾಗಿಲ್ಲ. ಆರು ತಿಂಗಳ ಹಿಂದೆ ಒಂದು ಪ್ರಯಾಣದಲ್ಲಿ ನಿಧಾನವಾಗಿ ಆಡಿದ ಮಾತು ಇಂದು ಸಂಜೆಯೇ ಕೇಳುತ್ತಾರೆ ಎಂಬ ಸುಳಿವು ಕೊಡುವುದಿಲ್ಲ. ನನ್ನ ಮೈದುನನಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಅವಳು ಹೂಂ ಅನ್ನುತ್ತಾಳೆ ಎಂದು ನಿನಗೆ ಹೇಗೆ ಗೊತ್ತು?" ಎಂಬುದೇ ಆಗಿತ್ತು. ಅದಕ್ಕೆ ಅವನು ಅವಳ ಬಾಯಿಂದಲೇ ಬಂದ ಎರಡು ಮೂರು ಮಾತುಗಳನ್ನು ನೆನಪು ಮಾಡಿಕೊಂಡು ಹೇಳಿದ ಮೇಲೆಯೇ ನಾನು ಕೈಜೋಡಿಸಿದ್ದು.

ಹಿರಿಯರೇ ನೋಡಿ ನಿಶ್ಚಯಿಸಿದ ಸಂಬಂಧದಲ್ಲೂ ಈಗ ಹಲವು ಹುಡುಗರು ನಿಶ್ಚಿತಾರ್ಥಕ್ಕೆ ಮುನ್ನ ಹುಡುಗಿಯನ್ನು ತಾವೇ ಒಮ್ಮೆ ಕೇಳುತ್ತಾರೆ. ಇದು ನನಗೆ ಬಹಳ ಮೆಚ್ಚುಗೆಯಾದ ಬದಲಾವಣೆ. ಜಾತಕ, ಛತ್ರ, ಊಟದ ಮಾತುಕತೆಯಲ್ಲಿ ಅವಳ ಒಪ್ಪಿಗೆ ಬರೀ ತಲೆಯಾಡಿಸುವುದರಲ್ಲಿ ಮುಗಿದುಹೋಗಿರುತ್ತದೆ. ಇಬ್ಬರೇ ಇದ್ದಾಗ, ಬೇಡವೆನ್ನುವ ಅವಕಾಶವನ್ನು ನಿಜವಾಗಿಯೂ ಇಟ್ಟು ಕೇಳಿದರೆ ಅವಳು ತನ್ನ ಮಾತಿನಲ್ಲಿ ಉತ್ತರಿಸುತ್ತಾಳೆ.

ಗುಟ್ಟನ್ನು ಯಾರಿಗೆ ಹೇಳಬೇಕು

ಇಬ್ಬರಿಗೆ ಸಾಕು. ಅವಳ ಕಡೆಯಿಂದ ಒಬ್ಬರು, ನಿಮ್ಮ ಕಡೆಯಿಂದ ಒಬ್ಬರು. ಅವಳ ಕಡೆಯವರು ಅಕ್ಕನೋ ತಂಗಿಯೋ ತೀರ ಹತ್ತಿರದ ಗೆಳತಿಯೋ ಆಗಿದ್ದರೆ ಉಂಗುರದ ಅಳತೆ, ಇಷ್ಟಾನಿಷ್ಟ, ರಜೆಯ ದಿನ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಇಡೀ ಗೆಳೆಯರ ಗುಂಪಿಗೆ ಹೇಳಿದರೆ, ಯಾರೂ ಬಾಯಿಬಿಡದಿದ್ದರೂ ಅವಳನ್ನು ನೋಡಿ ನಗುವ ಬಗೆಯಲ್ಲೇ ವಿಷಯ ಹೊರಬೀಳುತ್ತದೆ.

ಅವಳ ತಂದೆತಾಯಿಗೆ ಮೊದಲೇ ಹೇಳಬೇಕೇ ಎಂಬುದು ಮನೆಮನೆಗೆ ಬೇರೆ. ಮೊದಲು ಹಿರಿಯರ ಒಪ್ಪಿಗೆ ಕೇಳಿದ್ದನ್ನು ದೊಡ್ಡ ಗೌರವವೆಂದು ಕಾಣುವ ಹುಡುಗಿಯರಿದ್ದಾರೆ. ತನ್ನ ಬದುಕಿನ ವಿಷಯ ತನಗಿಂತ ಮೊದಲು ಅಪ್ಪನಿಗೆ ಗೊತ್ತಾಯಿತೆಂದು ನೊಂದುಕೊಳ್ಳುವವರೂ ಇದ್ದಾರೆ. ಅವಳು ಯಾವ ಬಗೆಯವಳು ಎಂಬುದನ್ನು ಅವಳ ಅಕ್ಕನ ಬಳಿ ಕೇಳಿ ತೀರ್ಮಾನಿಸಿ, ನಿಮ್ಮ ಊಹೆಯ ಮೇಲೆ ಹೋಗಬೇಡಿ.

ಇನ್ನು ಮೊಬೈಲ್. ಈ ಕಾಲದಲ್ಲಿ ಗುಟ್ಟು ಒಡೆಯುವುದು ಬಾಯಿಂದಲ್ಲ, ಫೋನಿನ ಪರದೆಯಿಂದ. ಅಂಗಡಿಯಿಂದ ಬರುವ ಎಸ್‌ಎಂಎಸ್, ಯುಪಿಐ ಪಾವತಿಯ ಸೂಚನೆ, ಹೋಟೆಲ್ ಬುಕಿಂಗಿನ ಇಮೇಲ್, ಕೊರಿಯರ್ ಹುಡುಗನ ಕರೆ ಇವೆಲ್ಲ ಅವಳು ಪಕ್ಕದಲ್ಲಿ ಕೂತಾಗಲೇ ಬರುತ್ತವೆ. ಪರದೆಗೆ ಬೀಗ ಹಾಕಿದ್ದರೂ ಸಂದೇಶದ ಮೊದಲ ಸಾಲು ಕಾಣುವ ಹಾಗೆ ಇಟ್ಟುಕೊಂಡಿದ್ದರೆ ಅದನ್ನು ಮೊದಲು ಮರೆಮಾಡಿ. ವಾಟ್ಸಾಪ್‌ನಲ್ಲಿ ಆ ಒಂದು ಸಂಭಾಷಣೆಗೆ ಮಾತ್ರ ಬೀಗ ಹಾಕುವ ಸೌಲಭ್ಯವಿದೆ, ಬಳಸಿಕೊಳ್ಳಿ. ನೀವಿಬ್ಬರೂ ಒಂದೇ ಖಾತೆಯ ಫೋಟೋ ಸಂಗ್ರಹವನ್ನೋ, ಶಾಪಿಂಗ್ ಖಾತೆಯನ್ನೋ ಹಂಚಿಕೊಂಡಿದ್ದರೆ ಉಂಗುರದ ಫೋಟೋ ತೆಗೆಯಬೇಡಿ, ಆ ಖಾತೆಯಲ್ಲಿ ಉಂಗುರ ಹುಡುಕಲೂ ಬೇಡಿ. ಒಮ್ಮೆ ಹುಡುಕಿದರೆ ವಾರಗಟ್ಟಲೆ ಉಂಗುರದ ಜಾಹೀರಾತೇ ಬರುತ್ತದೆ. ಲೊಕೇಶನ್ ಹಂಚಿಕೊಳ್ಳುವ ಅಭ್ಯಾಸವಿರುವ ಜೋಡಿಯಾದರೆ ಅದನ್ನು ಹಠಾತ್ತಾಗಿ ನಿಲ್ಲಿಸಬಾರದು, ಅನುಮಾನ ಬರುವುದೇ ಅಲ್ಲಿಂದ. ಅದರ ಬದಲು ಅಂಗಡಿಗೆ ನಿಮ್ಮ ಅಕ್ಕನನ್ನೋ ಅತ್ತಿಗೆಯನ್ನೋ ಕಳುಹಿಸಿ. ನಾವು ಮಾಡಿದ್ದೂ ಅದನ್ನೇ: ಅಂಗಡಿಗೆ ಕೊಟ್ಟದ್ದು ನನ್ನ ನಂಬರು, ಉಂಗುರ ಬಂದು ಕೂತದ್ದು ನಮ್ಮ ಮನೆಯ ರಾಗಿಹಿಟ್ಟಿನ ಡಬ್ಬಿಯ ಹಿಂದೆ.

ಉಂಗುರ

ಅಳತೆಯ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಅವಳು ಆಗಾಗ ಹಾಕಿಕೊಳ್ಳುವ ಒಂದು ಉಂಗುರ ಹತ್ತು ನಿಮಿಷ ನಿಮ್ಮ ಕೈಗೆ ಸಿಕ್ಕರೆ ಸಾಕು. ಅದನ್ನು ಸ್ಕೇಲಿನ ಮೇಲಿಟ್ಟು ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಅತಿ ಅಗಲವಾದ ಕಡೆ ಎಷ್ಟು ಮಿಲಿಮೀಟರ್ ಇದೆ ನೋಡಿ, ಅದನ್ನು 3.14ರಿಂದ ಗುಣಿಸಿದರೆ ಒಳಸುತ್ತು ಸಿಗುತ್ತದೆ. ಭಾರತದ ಉಂಗುರದಂಗಡಿಗಳ ಲೆಕ್ಕದಲ್ಲಿ ಈ ಒಳಸುತ್ತಿನಿಂದ 40 ಕಳೆದರೆ ಬರುವುದೇ ಸೈಜ್. ಒಳ ಅಗಲ 16.5 ಮಿ.ಮೀ. ಇದ್ದರೆ ಸುತ್ತು ಸುಮಾರು 52 ಮಿ.ಮೀ., ಅಂದರೆ ಸೈಜ್ 12. ಆ ಉಂಗುರವನ್ನು ಅವಳು ಯಾವ ಬೆರಳಿಗೆ ಹಾಕುತ್ತಾಳೆ ಎಂಬುದನ್ನು ಮರೆಯದೆ ಗಮನಿಸಿ. ನಡುಬೆರಳಿನ ಉಂಗುರದ ಅಳತೆ ಉಂಗುರ ಬೆರಳಿಗೆ ಸರಿಹೋಗುವುದಿಲ್ಲ, ಬಲಗೈ ಬಳಸುವವರ ಬಲಗೈ ಬೆರಳು ಎಡಗೈಯದಕ್ಕಿಂತ ಸ್ವಲ್ಪ ದಪ್ಪವಿರುತ್ತದೆ. ಬಿಸಿಲಿಗೂ ಸಂಜೆಗೂ ಬೆರಳು ಊದಿಕೊಳ್ಳುತ್ತದೆ, ಚಳಿಗೆ ಸಣ್ಣಗಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಅವಳು ನಮ್ಮ ಮನೆಗೆ ಬಂದಾಗ ಹೋಳಿಗೆಗೆ ಕಣಕ ನಾದಿಕೊಡು ಎಂದು ಕೇಳಿದೆ, ಅವಳು ಉಂಗುರ ಕಳಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಸರದಲ್ಲಿ ಸ್ಕೇಲು ಸಿಗದೆ ಕ್ಯಾಲೆಂಡರಿನ ಹರಿದ ಹಾಳೆಯ ಮೇಲೆ ಉಂಗುರವಿಟ್ಟು ಪೆನ್ಸಿಲಿನಿಂದ ಒಳಗೆ ಗೆರೆ ಎಳೆದೆ. ಪೆನ್ಸಿಲಿನ ಮೊನೆಯ ದಪ್ಪದಷ್ಟು ಆ ವೃತ್ತ ಚಿಕ್ಕದಾಗಿಯೇ ಬರುತ್ತದೆ. ಆ ಅನುಮಾನದಿಂದ ಎರಡು ಸೈಜ್ ಹೆಚ್ಚಿಗೆ ಹೇಳಿದೆವು, ಅದು ಜಾಸ್ತಿಯಾಯಿತು. ಬಿಗಿಯಾಗಿ ಗೆಣ್ಣಿನ ಮೇಲೆ ನಿಂತುಬಿಡುವುದಕ್ಕಿಂತ ಸಡಿಲವಾಗಿರುವುದು ಲೇಸು ಎಂಬುದಷ್ಟೇ ಸಮಾಧಾನ.

ಅಳತೆ ಸಂದೇಹವಿದ್ದರೆ ಸುತ್ತಲೂ ಹರಳು ಕೂರಿಸಿದ ಉಂಗುರ ಕೊಳ್ಳಬೇಡಿ, ಅದನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಬಹಳ ಕಷ್ಟ. ಕೆಳಭಾಗ ಸಾದಾ ಇರುವ ಉಂಗುರವನ್ನು ಅಕ್ಕಸಾಲಿಗರು ಒಂದೆರಡು ಸೈಜ್ ಸುಲಭವಾಗಿ ಸರಿಮಾಡಿಕೊಡುತ್ತಾರೆ. 22 ಕ್ಯಾರೆಟ್ ಚಿನ್ನ ಮೆದು, ಹರಳನ್ನು ಹಿಡಿಯುವ ಕೊಕ್ಕೆಗಳು ಸವೆದು ಸಡಿಲವಾಗಬಹುದು ಎಂಬ ಕಾರಣಕ್ಕೆ ವಜ್ರದ ಉಂಗುರಗಳನ್ನು ಹೆಚ್ಚಾಗಿ 18 ಅಥವಾ 14 ಕ್ಯಾರೆಟ್‌ನಲ್ಲಿ ಮಾಡುತ್ತಾರೆ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಶುದ್ಧತೆಯ ಜೊತೆಗೆ ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲೇ ಪರೀಕ್ಷಿಸಬಹುದು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲವಾದ್ದರಿಂದ ತೀರ ತೆಳುವಾದ ಉಂಗುರ ಕೊಳ್ಳುವಾಗ ಬಿಲ್ಲಿನಲ್ಲಿ ಶುದ್ಧತೆ ಬರೆಸಿಕೊಳ್ಳಿ. ವಜ್ರ ಗಣಿಯದ್ದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದೂ ಬರಹದಲ್ಲಿರಲಿ. ಬದಲಿಸಿಕೊಡುವ ಅವಧಿ ಎಷ್ಟು ದಿನ ಎಂದು ಕೇಳಿ, ಏಕೆಂದರೆ ಕೊಂಡ ದಿನಕ್ಕೂ ತೊಡಿಸುವ ದಿನಕ್ಕೂ ನಡುವೆ ವಾರಗಳು ಕಳೆದಿರುತ್ತವೆ.

ಉಂಗುರಕ್ಕಾಗಿ ಸಾಲ ಮಾಡಬೇಡಿ. ಮದುವೆಯಾದ ಮೇಲೆ ಆ ಕಂತನ್ನು ಕಟ್ಟುವವರಲ್ಲಿ ಅವಳೂ ಒಬ್ಬಳಾಗಿರುತ್ತಾಳೆ. ಒಡವೆಯ ವಿಷಯದಲ್ಲಿ ಅವಳಿಗೆ ತನ್ನದೇ ಆಯ್ಕೆಯಿದ್ದರೆ, ಒಂದು ಸಾದಾ ಉಂಗುರದಿಂದ ಕೇಳಿ, ನಿಶ್ಚಿತಾರ್ಥದ ಉಂಗುರವನ್ನು ಇಬ್ಬರೂ ಹೋಗಿ ಕೊಳ್ಳುವುದು ನನಗೆ ಎಲ್ಲಕ್ಕಿಂತ ಸರಿಯೆನಿಸುತ್ತದೆ.

ಜಾಗ ಮತ್ತು ಹೊತ್ತು

ಬೆಂಗಳೂರಿನವರ ಬಾಯಲ್ಲಿ ಮೊದಲು ಬರುವ ಹೆಸರು ನಂದಿಬೆಟ್ಟ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಬೆಳಗಿನ ಮಂಜು ಎಷ್ಟು ಸುಂದರವೋ ಅಷ್ಟೇ ದಟ್ಟ. ಸೂರ್ಯ ಕಾಣದೆಯೇ ಎಂಟು ಗಂಟೆಯಾಗುವ ದಿನಗಳಿರುತ್ತವೆ, ವಾರಾಂತ್ಯದಲ್ಲಿ ಜನಜಾತ್ರೆ. ಹಂಪಿಯ ಮಾತಂಗ ಪರ್ವತದ ಸೂರ್ಯೋದಯ ಬಹಳ ಚೆನ್ನ, ಆದರೆ ಕತ್ತಲಲ್ಲಿ ಕಡಿದಾದ ಕಲ್ಲುಮೆಟ್ಟಿಲು ಹತ್ತಬೇಕು, ಅವಳ ಕಾಲಿಗೆ ಅದು ಒಪ್ಪುತ್ತದೆಯೇ ನೋಡಿ. ಗೋಕರ್ಣದ ಕುಡ್ಲೆ ಕಡಲತೀರದಲ್ಲಿ ಸೂರ್ಯ ನೀರಿನೊಳಗೇ ಮುಳುಗುತ್ತಾನೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯೂ ಆಗುಂಬೆಯ ಸೂರ್ಯಾಸ್ತದ ಕಟ್ಟೆಯೂ ಮಳೆಯ ಪಾಲು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ದೊಡ್ಡ ಕ್ಯಾಮೆರಾ ಹಿಡಿದು ಚಿತ್ರೀಕರಣ ಮಾಡುವ ಯೋಚನೆಯಿದ್ದರೆ ತೋಟಗಾರಿಕೆ ಇಲಾಖೆಯನ್ನು ವಿಚಾರಿಸಿ. ಕಾಡಂಚಿನಲ್ಲಿ ಬೆಂಕಿ ಹಚ್ಚಿದ ಕಾಗದದ ಆಕಾಶದೀಪ ಹಾರಿಸುವ ಯೋಚನೆಯನ್ನು ದಯವಿಟ್ಟು ಬಿಡಿ, ಫೆಬ್ರವರಿಯಿಂದ ಮೇವರೆಗೆ ನಮ್ಮ ಕಾಡುಗಳಿಗೆ ಒಂದು ಕಿಡಿ ಸಾಕು.

ಆದರೆ ಹೆಸರಾದ ಜಾಗವೇ ಬೇಕೆಂದಿಲ್ಲ. ನಿಮ್ಮಿಬ್ಬರಿಗೆ ಅರ್ಥವಿರುವ ಜಾಗ ಬೇಕು. ಮೊದಲು ಭೇಟಿಯಾದ ಬಸ್ ನಿಲ್ದಾಣದ ಪಕ್ಕದ ದರ್ಶಿನಿಯೋ, ಮೈಸೂರಿನವರಾದರೆ ದಿನವೂ ನಡೆದ ಕುಕ್ಕರಹಳ್ಳಿ ಕೆರೆಯ ಏರಿಯೋ, ಅವಳ ಮನೆಯ ತಾರಸಿಯೋ ಆಗಬಹುದು. ನೂರಾರು ಜನರ ನಡುವೆ, ಮಾಲ್‌ನಲ್ಲೋ ಕ್ರೀಡಾಂಗಣದಲ್ಲೋ ಮೈಕ್ ಹಿಡಿದು ಕೇಳುವುದನ್ನು ನಾನು ಒಪ್ಪುವುದಿಲ್ಲ. ಸುತ್ತ ಜನ ಚಪ್ಪಾಳೆ ತಟ್ಟುತ್ತಿರುವಾಗ ಯೋಚಿಸಿ ಹೇಳುತ್ತೇನೆ ಎನ್ನುವುದು ಯಾವ ಹುಡುಗಿಗೂ ಸುಲಭವಲ್ಲ.

ಹೋಟೆಲಿನಲ್ಲಿ ಮಾಡುವುದಾದರೆ ಅಲ್ಲಿನ ವ್ಯವಸ್ಥಾಪಕರ ಜೊತೆ ಮಾತಾಡಿದ್ದು ಸಾಲದು. ಆ ದಿನ ನಿಮ್ಮ ಮೇಜಿಗೆ ಬಡಿಸುವವರಿಗೆ ಖುದ್ದಾಗಿ ಹೇಳಿ, ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. ನಮ್ಮ ಪರಿಚಯದ ಒಬ್ಬ ಹುಡುಗ ಬೆಂಗಳೂರಿನ ಒಂದು ಹೋಟೆಲಿನ ತಾರಸಿಯಲ್ಲಿ ಎಲ್ಲ ಏರ್ಪಾಡು ಮಾಡಿದ್ದ. ಅವನು ಮಾತು ಶುರುಮಾಡುವ ಮೊದಲೇ ಶುಭಾಶಯ ಬರೆದ ಕೇಕು ಮೇಜಿಗೆ ಬಂದುಬಿಟ್ಟಿತು. ಆ ಹುಡುಗಿ ಕೇಕನ್ನು ಓದಿ ಅವನ ಮುಖ ನೋಡಿದಳು, ಅವನು ಕೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು. ಸನ್ನೆಯೊಂದನ್ನು ಗೊತ್ತುಮಾಡಿದ್ದರೆ ಅದು ತಪ್ಪುತ್ತಿತ್ತು.

ದಿನ ಆರಿಸುವಾಗ ಅವಳ ಪರೀಕ್ಷೆ, ಕಚೇರಿಯ ಒತ್ತಡದ ವಾರ, ಮನೆಯಲ್ಲಿ ಸಾವುನೋವಾದ ತಿಂಗಳು ಇವುಗಳನ್ನು ಬಿಡಿ. ನಂಬಿಕೆಯಿರುವ ಮನೆಯಾದರೆ ಆಷಾಢ, ಪಿತೃಪಕ್ಷ, ಧನುರ್ಮಾಸ ಬೇಡ. ಒಂದು ಸಣ್ಣ ಸಂಗತಿ ಹೇಳುತ್ತೇನೆ: ಭಾನುವಾರ ಸಂಜೆ 4.30ರಿಂದ 6ರವರೆಗೆ ರಾಹುಕಾಲ. ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು 6 ಗಂಟೆಗೂ ಮೊದಲೇ, ಅಂದರೆ ಎಲ್ಲರೂ ಬಯಸುವ ಆ ಹೊಂಬಿಸಿಲಿನ ಹೊತ್ತು ನೇರ ರಾಹುಕಾಲಕ್ಕೆ ಬೀಳುತ್ತದೆ. ನಿಮಗೆ ಅದರಲ್ಲಿ ನಂಬಿಕೆ ಇಲ್ಲದಿರಬಹುದು, ಆದರೆ ಸುದ್ದಿ ಕೇಳಿದ ಅಜ್ಜಿ ಮೊದಲು ಕೇಳುವುದು "ಎಷ್ಟು ಗಂಟೆಗೆ?" ಎಂದೇ. ಶನಿವಾರ ಸಂಜೆಗೆ ಇಟ್ಟುಕೊಂಡರೆ ಆ ಮಾತೇ ಬರುವುದಿಲ್ಲ.

ನೆಪ

ಕರೆದೊಯ್ಯಲು ಹೇಳುವ ನೆಪ ಆದಷ್ಟು ನಿಜವೇ ಆಗಿರಲಿ. ಸುಳ್ಳಿನ ಮೇಲೆ ಸುಳ್ಳು ಪೋಣಿಸಿದರೆ ನೆನಪಿಟ್ಟುಕೊಳ್ಳುವುದು ಕಷ್ಟ, ಆಮೇಲೆ ಅವಳು ಆ ದಿನವನ್ನು ನೆನೆದಾಗ ಆ ಸುಳ್ಳುಗಳೂ ನೆನಪಾಗುತ್ತವೆ. ಯಾರಿಗೋ ಹುಷಾರಿಲ್ಲ, ಅಪಘಾತವಾಗಿದೆ ಎಂದು ಹೆದರಿಸಿ ಕರೆಸಿಕೊಳ್ಳುವುದು ಕ್ರೂರ. ಜಗಳವಾಡಿ ಮುನಿಸಿಕೊಂಡಂತೆ ನಟಿಸುವುದೂ ಬೇಡ. ನೆಪದಲ್ಲಿ ಅವಳು ಚೆನ್ನಾಗಿ ಉಟ್ಟುಕೊಂಡು ಬರುವುದಕ್ಕೆ ಒಂದು ಕಾರಣ ಇರಬೇಕು; ಜೀವನವಿಡೀ ನೋಡುವ ಫೋಟೋದಲ್ಲಿ ಹಳೆಯ ನೈಟ್ ಪ್ಯಾಂಟಿನಲ್ಲಿ ಇರಲು ಯಾರಿಗೂ ಇಷ್ಟವಾಗದು.

ನಮಗೆ ನೆಪ ಕೊಟ್ಟದ್ದು ಕಾಫಿ ಹೂವು. ನನ್ನ ತವರು ಮೂಡಿಗೆರೆ ಕಡೆ, ಅಣ್ಣನದು ರೊಬಸ್ಟಾ ಜಾತಿಯ ಕಾಫಿ ತೋಟ. ಕಾಫಿ ಹೂವರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ, ಯಾವಾಗ ಬರುತ್ತದೆಂದು ಯಾರೂ ಹೇಳಲಾರರು, ಆದರೆ ರೊಬಸ್ಟಾಕ್ಕೆ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ನೀರು ಕೊಡುವವರಿಗೆ ಹೂವಿನ ದಿನ ಹೆಚ್ಚುಕಡಿಮೆ ಗೊತ್ತಿರುತ್ತದೆ. "ಗುರುವಾರ ನೀರು ಹೊಡೀತೀನಿ, ಮುಂದಿನ ಶನಿವಾರಕ್ಕೆ ಸರಿಯಾಗಿ ಹೂ ಬಿಡುತ್ತೆ, ಸೋಮವಾರಕ್ಕೆಲ್ಲ ಕಂದು ತಿರುಗುತ್ತೆ" ಎಂದು ಅಣ್ಣ ಫೋನಿನಲ್ಲಿ ಹೇಳಿದ. ಕಾಫಿ ಹೂವು ನೋಡಬೇಕೆಂದು ಅವಳೇ ಹಿಂದಿನ ವರ್ಷ ಹೇಳಿದ್ದಳು. ನಾವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಲ್ಲಿಗೆಯಂಥ ಹೂವಿನ ನಡುವೆ ಫೋಟೋ ತೆಗೆಯೋಣ, ಕಾಟನ್ ಸೀರೆ ತಾ ಎಂದೆ, ಅವಳು ಹಸಿರು ಇಳಕಲ್ ಸೀರೆ ತಂದಳು. ನಿಮ್ಮ ಯೋಜನೆಯೂ ಹೀಗೆ ಪ್ರಕೃತಿಯನ್ನು ನೆಚ್ಚಿದ್ದರೆ ಎರಡನೆಯ ದಿನವೊಂದನ್ನು ಕೈಯಲ್ಲಿಟ್ಟುಕೊಳ್ಳಿ.

ಫೋಟೋ

ಒಬ್ಬ ಗೆಳೆಯ, ಒಂದು ಫೋನು, ಹದಿನೈದು ಹೆಜ್ಜೆ ದೂರ. ಅಷ್ಟೇ ಸಾಕು. ಹಿಂದಿನ ದಿನ ಅದೇ ಹೊತ್ತಿಗೆ ಅಲ್ಲಿ ಹೋಗಿ ಬೆಳಕು ಯಾವ ಕಡೆಯಿಂದ ಬೀಳುತ್ತದೆ ನೋಡಿ, ಸೂರ್ಯ ಅವಳ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಡ್ರೋನ್ ಹಾರಿಸುವ ಆಸೆ ಈಚೆಗೆ ಹೆಚ್ಚಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ಗುರುತಿಸಿದ್ದಾರೆ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಕಾನೂನು ಬದಿಗಿರಲಿ, ತಲೆಯ ಮೇಲೆ ಅದು ಗುಂಯ್ ಎನ್ನತೊಡಗಿದ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಗುತ್ತದೆ. ತೆಗೆದ ಚಿತ್ರವನ್ನು ಎಲ್ಲಿಯೂ ಹಾಕುವ ಮೊದಲು ಅವಳನ್ನು ಕೇಳಿ.

ಆ ಗಳಿಗೆ

ಉಂಗುರದ ಚೌಕ ಡಬ್ಬಿ ಪ್ಯಾಂಟಿನ ಜೇಬಿನಲ್ಲಿ ಉಬ್ಬಿ ಕಾಣುತ್ತದೆ, ಸಣ್ಣ ಬಟ್ಟೆಚೀಲಕ್ಕೆ ಹಾಕಿ ಜಿಪ್ ಇರುವ ಜೇಬಿನಲ್ಲಿಡಿ. ಕೇಕಿನೊಳಗೋ ಲೋಟದೊಳಗೋ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಂಡು, ಭದ್ರತಾ ತಪಾಸಣೆಯಲ್ಲಿ ಅವಳಿಗಿಂತ ಬೇರೆ ಸಾಲಿನಲ್ಲಿ ನಿಂತು, ಚೀಲ ತೆರೆಯಿಸಿದರೆ ಬದಿಗೆ ಕರೆದು ನೋಡುವಂತೆ ಮೆಲ್ಲಗೆ ಕೇಳಿಕೊಳ್ಳಿ. ಹೊರದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದಾಗ ಕೇಳುವುದಾದರೆ ಬಿಲ್ಲನ್ನೂ ಜೊತೆಗಿಟ್ಟುಕೊಳ್ಳಿ.

ಮಾತು ನಿಮ್ಮದೇ ಇರಲಿ. ಮನೆಯಲ್ಲಿ ಕನ್ನಡದಲ್ಲೇ ಜಗಳವಾಡಿ ಕನ್ನಡದಲ್ಲೇ ರಾಜಿಯಾಗುವವರು ಈ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಬೇಕಾದ ಕಾರಣವೇನೂ ನನಗೆ ಕಾಣುವುದಿಲ್ಲ. ಉದ್ದದ ಭಾಷಣ ಬಾಯಿಪಾಠ ಮಾಡಬೇಡಿ, ನಡುವೆ ಮರೆತರೆ ಕೈಕಾಲು ಆಡುವುದಿಲ್ಲ. ಅವಳ ಬಗ್ಗೆ ನಿಮಗಷ್ಟೇ ಗೊತ್ತಿರುವ ಒಂದು ಸಂಗತಿ ಹೇಳಿ, ಆಮೇಲೆ ಕೇಳಿ. ಕೇಳಿದ ಮೇಲೆ ಸುಮ್ಮನಿರಿ.

ಅವಳು ತಕ್ಷಣ ಒಪ್ಪದಿರಬಹುದು. ಸಮಯ ಬೇಕೆಂದರೆ ಎಷ್ಟು ದಿನ ಎಂದು ಲೆಕ್ಕ ಕೇಳಬೇಡಿ, ಉಂಗುರವನ್ನು ಅವಳ ಕೈಗೆ ತುರುಕಬೇಡಿ, ಜೊತೆಯಲ್ಲಿ ಊಟ ಮಾಡಿ ಮನೆಗೆ ಬಿಡಿ, ಅಥವಾ ಅವಳೊಬ್ಬಳೇ ಹೋಗಬಯಸಿದರೆ ವಾಹನದ ಏರ್ಪಾಡು ಮಾಡಿ. ಗೆಳೆಯರನ್ನೂ ಎರಡೂ ಮನೆಯವರನ್ನೂ ಮರೆಯಲ್ಲಿ ನಿಲ್ಲಿಸಿ ಹೂವು ಎರಚಿಸುವ ಏರ್ಪಾಡು ಬೇಡವೆಂದು ನಾನು ಹೇಳುವುದು ಇದಕ್ಕೇ. ಅವರೆಲ್ಲ ಅರ್ಧ ಗಂಟೆ ಬಿಟ್ಟು ಬೇರೆ ಕಡೆ ಕಾಯಲಿ, ನಿಮ್ಮ ಕರೆ ಬಂದ ಮೇಲೆ ಬರಲಿ.

ನಮ್ಮ ಶನಿವಾರ ಬೆಳಿಗ್ಗೆ ಏಳೂವರೆಗೆ ತೋಟ ಪೂರ್ತಿ ಬೆಳ್ಳಗಿತ್ತು, ಜೇನುಹುಳುಗಳ ಸದ್ದು ಅಂಗಳದವರೆಗೂ ಕೇಳುತ್ತಿತ್ತು. ರೊಬಸ್ಟಾಕ್ಕೆ ಪರಾಗಸ್ಪರ್ಶ ಒಂದು ಗಿಡದಿಂದ ಇನ್ನೊಂದಕ್ಕೆ ಗಾಳಿ, ಜೇನುಗಳಿಂದಲೇ ಆಗಬೇಕಾದ್ದರಿಂದ ಕೊಂಬೆ ಅಲುಗಿಸಬೇಡಿ ಎಂದು ಅಣ್ಣ ತಾಕೀತು ಮಾಡಿದ್ದ, ಇಬ್ಬರೂ ಕಾಲುದಾರಿಯಲ್ಲೇ ನಿಂತಿದ್ದರು. ನಾನು ಕಾಳುಮೆಣಸಿನ ಬಳ್ಳಿ ಹಬ್ಬಿದ ಹಾಲವಾಣದ ಮರದ ಹಿಂದೆ ಫೋನು ಹಿಡಿದು ನಿಂತಿದ್ದೆ. ಮಾತು ಕೇಳಿಸಲಿಲ್ಲ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡದ್ದು, ಆಮೇಲೆ ಎಡಗೈಯನ್ನು ತಾನೇ ಮುಂದೆ ಚಾಚಿದ್ದು ಕಂಡಿತು.

ಒಪ್ಪಿಗೆಯಾದ ಮೇಲೆ ಮೊದಲ ಫೋನು ಎರಡೂ ಮನೆಗೆ ಹೋಗಲಿ, ಆಮೇಲೆ ಮಿಕ್ಕವರಿಗೆ. ಅತ್ತೆಮಾವ ಆಗುವವರಿಗೆ ಸುದ್ದಿ ಬೇರೆ ಯಾರದೋ ಸ್ಟೇಟಸ್‌ನಿಂದ ತಿಳಿದರೆ ಆ ಬೇಸರ ನಿಶ್ಚಿತಾರ್ಥದವರೆಗೂ ಉಳಿಯುತ್ತದೆ. ಹಿರಿಯರು ಕೂತು ಮಾತಾಡುವ ದಿನವನ್ನು ಆ ವಾರದಲ್ಲೇ ಗೊತ್ತುಮಾಡಿ. ಉಂಗುರದ ಅಳತೆ ತಪ್ಪಿದ್ದರೆ ಬದಲಿಸುವ ಅವಧಿ ಮುಗಿಯುವ ಮೊದಲೇ ಬಿಲ್ಲಿನ ಜೊತೆ ಅಂಗಡಿಗೆ ಒಯ್ಯಿರಿ, ಅಲ್ಲಿಯವರೆಗೆ ಕೆಳಭಾಗಕ್ಕೆ ನೂಲು ಸುತ್ತಿದರೆ ಜಾರುವುದಿಲ್ಲ. ಅಂದು ತಿಂಡಿಗೆ ಮೊದಲು ನಮ್ಮಮ್ಮ ಅದನ್ನೇ ಮಾಡಿದರು: ಹುಡುಗಿಯನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಹೂ ಕಟ್ಟುವ ಬಿಳಿ ನೂಲನ್ನು ಅರಿಶಿನದ ನೀರಿನಲ್ಲಿ ಅದ್ದಿ, ಉಂಗುರಕ್ಕೆ ಒತ್ತಾಗಿ ಏಳೆಂಟು ಸುತ್ತು ಸುತ್ತಿ, ಮತ್ತೆ ಅವಳ ಬೆರಳಿಗೆ ಹಾಕಿ ಸರಿಯಾಯಿತೇ ಎಂದು ತಿರುಗಿಸಿ ನೋಡಿದರು.